ವಿನೋದಕ್ಕಾಗಿ ಗಾಳ ಹಾಕುವದು ಸರಿಯೋ?

ಕೊಡಗಿನ ತಡಿಯಂಡಮೋಳ್ ಬೆಟ್ಟವು 1,748 ಮೀಟರ್ ಎತ್ತರವುಳ್ಳದ್ದು. ಅದನ್ನು ಹತ್ತಿ ಕಾಡನ್ನೂ ಹುಲ್ಲುಬೋರೆಗಳನ್ನೂ ಕಣ್ತುಂಬ ನೋಡುವದರಲ್ಲಿ ದೋಷವನ್ನು ಕಾಣೆವು. ನೋಡುವವನು ಬೆಟ್ಟದಿಂದ ಏನನ್ನೂ ಕಿತ್ತುಕೊಳ್ಳುವದಿಲ್ಲ. (ಅಲ್ಲಿ ಕಸ ಚೆಲ್ಲಿ ಬರುವವರ ಮಾತು ಬೇರೆ.)

ಕೆಳಗೆ ಹರಿಯುವ ಕಾವೇರಿಯ ಮೀನಿನ ಸಂಗತಿಯು ಹಾಗಲ್ಲ. ಗೂನುಬೆನ್ನಿನ ಮಹಶೀರ್, ಅಂದರೆ ಬಿಳಿಮೀನು, ಬಹು ದೊಡ್ಡದಾಗಿ ಬೆಳೆಯುವದು. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಎಂಬವರು 120 ಪೌಂಡು ತೂಗುವ ಮೀನೊಂದನ್ನು ಗಾಳದಿಂದ ಹಿಡಿದರು. ಅದೇ ಜಾತಿಯು 2018ರಲ್ಲಿ ಅಳಿದುಹೋಗುವ ಘೋರ ಅಪಾಯದಲ್ಲಿರುವವುಗಳ ಪಟ್ಟಿಗೆ ಸೇರಿತು.

“ಹಿಡಿದದ್ದನ್ನು ತಿರಿಗಿ ನೀರಿಗೆ ಬಿಡುತ್ತೇವಲ್ಲಾ, ಪಾಪವೇನು?” ಎಂದು ಗಾಳದವರು ಕೇಳುವರು. ಈ ಮಾತನ್ನು ಸುಮ್ಮನೆ ತಳ್ಳಿಬಿಡಲಾಗದು. ಯಾಕಂದರೆ ಅವರು ಕೊಟ್ಟ ಹಣದಿಂದ ಹೊಳೆಗೆ ಕಾವಲು ನಡೆದದ್ದೂ, ಸಿಡಿಮದ್ದು ಹಾಕಿ ಮೀನು ಕೊಲ್ಲುವವರು ಹೆದರಿ ಹಿಂಜರಿದದ್ದೂ ಉಂಟು. ಆದರೂ ನಾವು ಕೇಳುವದೇನಂದರೆ: ಪೇತ್ರನು ಬಲೆ ಬೀಸಿದ್ದು ಜೀವನಕ್ಕಾಗಿ; ಇವರಿಗೋ ಮೀನಿನ ಒದ್ದಾಟವೇ ಆಟ. ಅದು ಒದ್ದಾಡದೆ ಸುಮ್ಮನೆ ದಡಕ್ಕೆ ಬರುವದಾದರೆ ಯಾರು ದುಡ್ಡು ಕೊಟ್ಟು ಗಾಳ ಹಿಡಿದಾರು? ಬಾಯಿ ಹರಿದ ಮೀನಿಗೆ ಬಿಡುಗಡೆಯು ಉಪಕಾರವೆಂದು ಹೇಳುವದು ಹೇಗೆ? ಕಾವಲುಗಾರನ ಸಂಬಳವು ಬೇಕಾದದ್ದೇ ಸರಿ. ಬೆಟ್ಟ ನೋಡಲು ಬರುವ ನಾವೆಲ್ಲರೂ ಅದನ್ನು ಗಾಳವಿಲ್ಲದೆ ಕೊಡಕೂಡದೋ?