ಒಲ್ಲೆರೀ

ತಾಂಡೂರಿನ ಮನೆಗಳಲ್ಲಿ ನೆಲಕ್ಕೆ ಹಾಸುವುದು ಅಲ್ಲಿನದೇ ಗಣಿಯ ಕಲ್ಲು. ಮೂರು ವರ್ಷದ ಮಗು ಅದರ ಮೇಲೆ ಓಡಿ, ಮುಗ್ಗರಿಸಿ, ಮೊಣಕಾಲು ತರಚಿಕೊಳ್ಳುತ್ತದೆ. ಆಯಿ ಎತ್ತಿಕೊಂಡು ‘ಏನೂ ಆಗಿಲ್ಲ, ಏನೂ ಆಗಿಲ್ಲ’ ಅನ್ನುತ್ತಾಳೆ. ಅಳು ನಿಲ್ಲದಿದ್ದರೆ ಕಲ್ಲಿಗೇ ಎರಡು ಏಟು: ‘ನೋಡು, ಹೊಡದೆ ಅದಕ್ಕ!’ ಪ್ರೀತಿಯಿಂದಲೇ ಮಾಡಿದ್ದು. ಆದರೂ ಒಂದೇ ಉಸಿರಿಗೆ ಎರಡು ಸುಳ್ಳು ಹೇಳಿದ್ದಾಯಿತು: ನೋವೇ ಆಗಿಲ್ಲ, ಆಗಿದ್ದರೆ ತಪ್ಪು ಕಲ್ಲಿನದು.

ಅನಿಸಿದ್ದಕ್ಕೂ ಮಾಡಿದ್ದಕ್ಕೂ ಇರುವ ಅಂತರ ತತ್ತ್ವಶಾಸ್ತ್ರದ ಹಳೆಯ ಪ್ರಶ್ನೆ. ಒಂದನೆಯ ಶತಮಾನದ ರೋಮನ್ ಚಿಂತಕ ಸೆನೆಕಾ ಸಿಟ್ಟಿನ ಬಗ್ಗೆಯೇ ಒಂದು ಗ್ರಂಥ ಬರೆದ. ಮೈ ಜುಮ್ಮೆನ್ನುವ ಮೊದಲ ಅಲೆ ನಮ್ಮ ಕೈಯಲ್ಲಿಲ್ಲ, ಅದಕ್ಕೆ ಮನಸ್ಸು ಒಪ್ಪಿಗೆ ಕೊಟ್ಟ ಮೇಲೆಯೇ ಅದು ಪೂರ್ತಿ ಸಿಟ್ಟಾಗುವುದು ಎಂಬುದು ಅವನ ವಾದ. ಇದನ್ನು ಮಗುವಿಗೆ ತಿಳಿಸಲು ಸೆನೆಕಾನ ತನಕ ಹೋಗಬೇಕಿಲ್ಲ. ನಮ್ಮ ವ್ಯಾಕರಣದಲ್ಲೇ ಅದು ಅಡಗಿದೆ. ‘ನನಗೆ ಸಿಟ್ಟು ಬಂತು’, ‘ನನಗೆ ಅಳು ಬಂತು’ ಅನ್ನುತ್ತೇವೆ. ಸಿಟ್ಟು ಅಳು ಎರಡೂ ನೆಂಟರ ಹಾಗೆ ಬರುತ್ತವೆ. ‘ನಾನು’ ಅಲ್ಲಿ ಕರ್ತೃವಲ್ಲ. ಬಂದದ್ದಕ್ಕೆ ಬೈಯುವುದು ಯಾಕೆ? ತಮ್ಮನಿಗೆ ಹೊಡೆದದ್ದು ಮಾತ್ರ ಬೇರೆ. ಅಲ್ಲಿ ‘ನಾನು ಹೊಡೆದೆ’.

ಇನ್ನು ‘ಒಲ್ಲೆ’. ‘ಬೇಡ’ ಅನ್ನುವಾಗಲೂ ನಾವು ‘ನನಗೆ’ ಅನ್ನುತ್ತೇವೆ. ‘ಒಲ್ಲೆ’ಗೆ ‘ನಾನು’ ಬೇಕು. ನಾನು ಒಲ್ಲೆ, ನಾವು ಒಲ್ಲೆವು, ಅವಳು ಒಲ್ಲಳು. ನಿರಾಕರಿಸುತ್ತಿರುವವರು ಯಾರು ಎಂಬುದು ಕ್ರಿಯಾಪದದ ಬಾಲದಲ್ಲೇ ಇದೆ. ಒಲವು, ಒಲಿ ಹುಟ್ಟಿದ ಬೇರಿನಿಂದಲೇ ಬಂದ ಮಾತು ಇದು. ಒಲಿಯುವುದಕ್ಕೆ ಯಾರಿಗೆ ಸ್ವಾತಂತ್ರ್ಯವಿದೆಯೋ ಅವರಿಗೇ ಒಲ್ಲೆ ಅನ್ನುವ ಸ್ವಾತಂತ್ರ್ಯವೂ ಇರಬೇಕಲ್ಲ. ಮಹಾದೇವಿಯಕ್ಕ ರಾಜ ಕೌಶಿಕನಿಗೆ ಷರತ್ತು ಹಾಕಿದಳು, ಅವನು ಮೀರಿದಾಗ ಎದ್ದು ಹೋದಳು ಎಂಬ ಕಥೆ ಹರಿಹರನ ರಗಳೆಯಲ್ಲಿದೆ. ಅವಳನ್ನು ಪೂಜಿಸುವ ಮನೆಗಳಲ್ಲೇ ಹೆಣ್ಣುಮಕ್ಕಳ ಒಲ್ಲೆಗೆ ‘ಹಟ’ ಎಂದು ಹೆಸರಿಡುತ್ತೇವೆ!

ಜಹೀರಾಬಾದ್ ಕಡೆಯ ಮಗುವಿಗೆ ಬೇಡ ಅನ್ನುವ ಮಾತುಗಳ ಬರವಿಲ್ಲ. 1956ರ ಪುನರ್ವಿಂಗಡಣೆಯಲ್ಲಿ ಬೀದರ ಜಿಲ್ಲೆಯ ನಾರಾಯಣಖೇಡ ತಾಲ್ಲೂಕು, ನಿರ್ಣಾ ಸರ್ಕಲ್ ಬಿಟ್ಟು ಉಳಿದ ಜಹೀರಾಬಾದ್ ತಾಲ್ಲೂಕು, ಗುಲಬರ್ಗಾ ಜಿಲ್ಲೆಯ ತಾಂಡೂರು ಆಂಧ್ರಪ್ರದೇಶಕ್ಕೆ ಸೇರಿದವು, 2014ರಿಂದ ತೆಲಂಗಾಣ. ಶಾಲೆಯ ತೆಲುಗಿನಲ್ಲಿ ‘ವದ್ದು’, ಬಜಾರಿನ ದಖನಿಯಲ್ಲಿ ‘ನಕ್ಕೋ’, ಮನೆಯಲ್ಲಿ ‘ಬ್ಯಾಡ’, ‘ಒಲ್ಲೆ’. ಶಾಲೆಯ ಮಾತು ಬೇಗ ಬರಲಿ ಎಂದು ಮನೆಯಲ್ಲೂ ಕನ್ನಡ ಬಿಡಿಸುವ ಪಾಲಕರನ್ನು ಕಂಡಾಗ ನನಗೆ ಕಸಿವಿಸಿಯಾಗುತ್ತದೆ. ಹೊಟ್ಟೆಯೊಳಗಿನ ಸಂಕಟವನ್ನು ಮಗು ಮೊದಲು ಹೇಳಿಕೊಳ್ಳುವುದು ಮನೆಮಾತಿನಲ್ಲೇ.

ಮಕ್ಕಳು ಒಲ್ಲೆ ಅಂದದ್ದಕ್ಕೆಲ್ಲ ತಲೆಯಾಡಿಸಬೇಕೆ? ಇಲ್ಲ. ಸ್ವಾತಂತ್ರ್ಯದ ಬಗ್ಗೆ 1859ರಲ್ಲಿ ಬರೆದ ಜಾನ್ ಸ್ಟುವರ್ಟ್ ಮಿಲ್ ಕೂಡ ತನ್ನ ತತ್ತ್ವ ಮಕ್ಕಳಿಗೆ ಅನ್ವಯಿಸದು ಎಂದ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತ 1992ರಲ್ಲಿ ಒಪ್ಪಿಗೆ ಕೊಟ್ಟಿದೆ; ಅದರ 12ನೇ ವಿಧಿ ಇನ್ನೊಂದು ಹೆಜ್ಜೆ ಮುಂದಿಡುತ್ತದೆ. ಮಗುವಿನ ಅಭಿಪ್ರಾಯ ಕೇಳಬೇಕು, ವಯಸ್ಸಿಗೂ ಪ್ರಬುದ್ಧತೆಗೂ ತಕ್ಕಂತೆ ಅದಕ್ಕೆ ತೂಕ ಕೊಡಬೇಕು. ನಿರ್ಧಾರ ಮಗುವಿನದೇ ಎಂದಲ್ಲ. ಸೂಜಿ ಚುಚ್ಚಲೇಬೇಕು, ‘ನೋವಾಗಲ್ಲ’ ಎಂಬ ಸುಳ್ಳು ಮಾತ್ರ ಬೇಕಿಲ್ಲ. ‘ಚುರ್ ಅಂತದ, ಅಳು ಬಂದ್ರ ಅಳು’ ಅಂದರೆ ಸಾಕು.

ಮುತ್ತಿನ ವಿಷಯ ಹಾಗಲ್ಲ. ಬೀದರದಿಂದ ಬಂದ ಮಾಮ ಕೆನ್ನೆ ಹಿಂಡಿ ಮುತ್ತು ಕೇಳುತ್ತಾನೆ, ಮಗು ಅವ್ವನ ಸೆರಗಿನ ಹಿಂದೆ ಸರಿಯುತ್ತದೆ. ‘ಮಾಮ ಅಲ್ಲೇನು, ಕೊಡು’ ಎಂದು ಮುಂದಕ್ಕೆ ನೂಕುತ್ತೇವೆ. ಮೈ ಯಾರದು ಎಂಬ ಪಾಠ ಅಲ್ಲೇ ತಪ್ಪುತ್ತದೆ. ದೊಡ್ಡವರಿಗೆ ಅಗೌರವವಾದೀತೆಂಬ ಅಂಜಿಕೆಗೂ ಈ ಭಾಗದ ಕನ್ನಡದಲ್ಲಿ ಮದ್ದಿದೆ: ‘ಒಲ್ಲೆರೀ ಮಾಮಾ’. ನಿರಾಕರಣೆಯೂ ಮರ್ಯಾದೆಯೂ ಒಂದೇ ಪದದಲ್ಲಿ.

ಆದರೆ ಮಗು ಈ ಮಾತನ್ನು ಎಲ್ಲಿ ಕೇಳೀತು? ಹೊಲದಿಂದಲೋ ಕಚೇರಿಯಿಂದಲೋ ಬಂದ ಅವ್ವ, ಐದನೇ ಸಲ ಕತೆ ಕೇಳಿದ ಮಗಳಿಗೆ ಸಿಡುಕದೆ, ನೆಪ ಹೇಳದೆ, ‘ಈಗ ನಾ ಒಲ್ಲೆವ್ವಾ, ದಣಿವಾಗ್ಯದ’ ಎಂದು ಗೋಡೆಗೊರಗಿದಾಗ. ಮಗಳು ಒಂದಷ್ಟು ಹೊತ್ತು ಮುಖ ನೋಡುತ್ತಾಳೆ. ಆಮೇಲೆ ತಂಪು ಕಲ್ಲಿನ ಮೇಲೆ ಬೋರಲು ಮಲಗಿ ತನಗೆ ತಾನೇ ಕತೆ ಹೇಳಿಕೊಳ್ಳತೊಡಗುತ್ತಾಳೆ.