ಅಕ್ಕಿಯಲ್ಲಿ ಆಡಬಹುದಾ?

ಒಂದೂವರೆ ವರ್ಷದ ಮಗು ತಟ್ಟೆಯಲ್ಲಿರೋ ಅಕ್ಕಿಯನ್ನು ಎರಡೂ ಕೈಯಲ್ಲಿ ಎತ್ತಿ ನೆಲಕ್ಕೆ ಸುರಿಯುತ್ತೆ. ಮತ್ತೆ ಎತ್ತುತ್ತೆ, ಮತ್ತೆ ಸುರಿಯುತ್ತೆ. ಇದನ್ನು ನೋಡಿದಾಗ ನಿಮಗೆ ಏನನ್ನಿಸುತ್ತೆ ಅನ್ನೋದರ ಮೇಲೆ ನೀವು ಎಂಥ ಮನೆಯಲ್ಲಿ ಬೆಳೆದವರು ಅಂತ ಹೇಳಿಬಿಡಬಹುದು. ಕೆಲವರಿಗೆ ಅದು ‘ಸೆನ್ಸರಿ ಪ್ಲೇ’. ಬೆರಳಿಗೆ ಕೆಲಸ, ಕಿವಿಗೆ ಸದ್ದು, ಅಮ್ಮನಿಗೆ ಇಪ್ಪತ್ತು ನಿಮಿಷ ಬಿಡುವು. ಇನ್ನು ಕೆಲವರಿಗೆ ಎದೆ ಧಸಕ್ಕೆನ್ನುತ್ತೆ. ನಮ್ಮ ಮನೆಯಲ್ಲಿ ಎರಡೂ ಪಾರ್ಟಿಯವರಿದ್ದಾರೆ.

ನನ್ನ ಹೆಂಡತಿ ವಿಡಿಯೋ ನೋಡಿ ಕಾಲು ಕೆ.ಜಿ. ಅಕ್ಕಿಗೆ ಕೆಂಪು, ಹಸಿರು, ನೀಲಿ ಬಣ್ಣ ಹಾಕಿ ಒಣಗಿಸಿ, ಒಂದು ಡಬ್ಬಿಗೆ ತುಂಬಿ ಮಗಳ ಮುಂದೆ ಇಟ್ಟಳು. ಚೆನ್ನಾಗೇ ಇತ್ತು. ಮೊಮ್ಮಗಳನ್ನು ನೋಡಿಕೊಳ್ಳೋಕೆ ಊರಿಂದ ಬಂದಿದ್ದ ಅವ್ವ ಅದನ್ನು ನೋಡಿ ಸೊಸೆಗೆ ಏನೂ ಹೇಳಲಿಲ್ಲ. ನನ್ನನ್ನು ಅಡುಗೆಮನೆಗೆ ಕರೆದು, “ತಿನ್ನೋ ಅಕ್ಕಿಗೆ ಬಣ್ಣ ಬಳ್ದವ್ರಲ್ಲೋ ಮಗ, ಇನ್ ಅದ್ನ ಯಾರ್ ಉಣ್ತಾರೆ?” ಅಂದಳು.

ನಮ್ಮೂರು ಮದ್ದೂರು–ಮಳವಳ್ಳಿ ರಸ್ತೆಯಲ್ಲಿದೆ. ಮಂಡ್ಯ ಅಂದರೆ ಎಲ್ಲರ ಕಣ್ಣಿಗೂ ಹಸಿರು ಗದ್ದೆ, ಕಬ್ಬು, ತುಂಬಿ ಹರಿಯೋ ನಾಲೆಯೇ ಬರೋದು. ಆದರೆ ಕೆ.ಆರ್.ಎಸ್. ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಬಂದು ಬಂದು ನಮ್ಮ ಕಡೆ ತಲುಪೋ ಹೊತ್ತಿಗೆ ಬಾಲವಾಗಿರುತ್ತೆ. ಮೇಲಿನವರಿಗೆ ಸಿಕ್ಕಿ ಉಳಿದರೆ ನಮಗೆ. 2023ರಲ್ಲಿ ಮಳೆ ಕೈಕೊಟ್ಟು, ಕಾವೇರಿಗಾಗಿ ಮಂಡ್ಯದಲ್ಲಿ ದಿನಾ ಧರಣಿ ನಡೀತಿದ್ದಾಗ ನಮ್ಮ ಗದ್ದೆ ಬೀಳು ಬಿದ್ದಿತ್ತು. ಆ ವರ್ಷ ಅವ್ವ ಅಂಗಡಿ ಅಕ್ಕಿ ತಂದಳು. ಗದ್ದೆ ಇಟ್ಟುಕೊಂಡು ಅಂಗಡಿ ಅಕ್ಕಿ ತರೋದು ನಮ್ಮ ಕಡೆ ಸಾಲಕ್ಕಿಂತ ದೊಡ್ಡ ಅವಮಾನ.

ಅವ್ವ ಚಿಕ್ಕವಳಿದ್ದಾಗ ಮನೆಯಲ್ಲಿ ಅನ್ನ ಅಂದರೆ ಹಬ್ಬ. ದಿನದ ಊಟ ರಾಗಿ, ಅದೂ ಅಳೆದು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಬೀಗತನ ಮಾಡಿಸಿ ‘ಇಂಡಾಫ್’ ತಳಿಗಳನ್ನು ಕೊಟ್ಟರಲ್ಲ, ಅವು ನಮ್ಮೂರಿಗೆ ಬಂದ ಮೇಲೇ ಎರಡು ಹೊತ್ತೂ ಹೊಟ್ಟೆ ತುಂಬಾ ಮುದ್ದೆ ಉಂಡಿದ್ದು ಅಂತ ಅವಳು ಈಗಲೂ ಹೇಳ್ತಾಳೆ. ಅಂಥವಳು ನೆಲಕ್ಕೆ ಬಿದ್ದ ಕಾಳನ್ನು ಹೆಕ್ಕಿ ಕಣ್ಣಿಗೊತ್ತಿಕೊಂಡರೆ ಅದನ್ನು ಮೂಢನಂಬಿಕೆ ಅಂತ ತಳ್ಳಿಹಾಕೋದು ಸೋಮಾರಿತನ. ‘ನಮ್ಮ ಸಂಸ್ಕೃತಿ’ ಅಂತ ಎದೆ ತಟ್ಟಿಕೊಂಡು ಅಲ್ಲಿಗೇ ನಿಲ್ಲಿಸೋದೂ ಅಷ್ಟೇ ಸೋಮಾರಿತನ. ಹಾಗಾದರೆ ಮಗು ಅಕ್ಕಿಯಲ್ಲಿ ಆಡೋದರಲ್ಲಿ ತಪ್ಪು ಇರೋದೇ ಆದರೆ, ಅದು ನಿಖರವಾಗಿ ಎಲ್ಲಿದೆ?

ಪ್ರಮಾಣದಲ್ಲಂತೂ ಇಲ್ಲ. ಕಾಲು ಕೆ.ಜಿ. ಅಕ್ಕಿ ಏನು ಮಹಾ? ಒಂದು ಮದುವೆಮನೆಯಲ್ಲಿ ಎರಡು ಎಲೆಯಲ್ಲಿ ಬಿಡೋ ಊಟದಷ್ಟಿಲ್ಲ. ಆ ಎಲೆ ಬಿಟ್ಟು ಏಳೋರು ದೊಡ್ಡವರು, ಅಕ್ಕಿಯ ಬೆಲೆ ಗೊತ್ತಿರೋರು. ಇನ್ನು ‘ಹಸಿದವರಿದ್ದಾರೆ’ ಅನ್ನೋ ವಾದ. ನನ್ನ ಮಗಳು ಆಡದೇ ಇದ್ದರೆ ಆ ಅಕ್ಕಿ ಯಾವ ಹಸಿದವನ ತಟ್ಟೆಗೂ ಹೋಗಲ್ಲ, ನಮ್ಮ ಡಬ್ಬಿಯಲ್ಲೇ ಇರುತ್ತೆ.

ಅವ್ವನ ಕಡೆಯ ಲೆಕ್ಕವೂ ಅಷ್ಟು ಸಲೀಸಾಗಿಲ್ಲ. ಇದೇ ಅವ್ವ ನಮ್ಮ ಮದುವೆಯಾದ ದಿನ ಹೊಸಿಲ ಮೇಲೆ ಸೇರಿನ ತುಂಬಾ ಅಕ್ಕಿ ಇಟ್ಟು ಸೊಸೆಯ ಕಾಲಲ್ಲಿ ಒದೆಸಿದ್ದಳು. ನಾನು ಅದನ್ನು ನೆನಪಿಸಿದೆ. “ಅದು ಶಾಸ್ತ್ರ ಕಣ್ಲಾ, ಆಟ ಅಲ್ಲ. ಚೆಲ್ಲಿದ್ ಅಕ್ಕಿನ ಬಾಚಿ ಎತ್ತಿಟ್ಟಿರ್‍ನಿಲ್ವಾ?” ಅಂದಳು. ಆಗ ನನಗೆ ಏನೋ ಹೊಳೆದಂಗಾಯ್ತು. ಅಕ್ಕಿಹಿಟ್ಟಿನ ರಂಗೋಲಿ ಇರುವೆಗೆ. ದೃಷ್ಟಿ ತೆಗೆದು ಮೂರು ದಾರಿ ಕೂಡೋ ಕಡೆ ಇಟ್ಟ ಅನ್ನ ನಾಯಿಗೋ ಕಾಗೆಗೋ. ಅಕ್ಕಿ ತೊಳೆದ ನೀರು ಕಲಗಚ್ಚಾಗಿ ಹಸುವಿಗೆ. ಹಳ್ಳಿಮನೆಯಲ್ಲಿ ಕಾಳು ಎಲ್ಲೆಲ್ಲೋ ಬೀಳುತ್ತೆ, ಆದರೆ ಯಾವುದೋ ಒಂದು ಬಾಯಿಗೆ ತಲುಪುತ್ತೆ. ನಾನು ಚಿಕ್ಕವನಿದ್ದಾಗ ಮೊರದಲ್ಲಿದ್ದ ರಾಗಿ ಚೆಲ್ಲಿದರೆ ಬೈಗುಳ ಮುಗಿಯೋ ಮೊದಲೇ ಕೋಳಿ ಬಂದು ನೆಲ ಕ್ಲೀನ್ ಮಾಡಿರುತ್ತಿದ್ದವು. ನಮ್ಮ ಐದನೇ ಮಹಡಿಗೆ ಕೋಳಿ ಬರಲ್ಲ. ಬಣ್ಣದ ಅಕ್ಕಿ ಹಸಿ ಕಸದ ಬಕೆಟ್ಟಿಗೆ ಹೋಗುತ್ತೆ. ಸರಿ, ರೂಲ್ ಸಿಕ್ತು ಅಂದುಕೊಂಡೆ: ಕಾಳಿನಲ್ಲಿ ಆಡಬಹುದು, ಆದರೆ ಆಟ ಮುಗಿದ ಮೇಲೂ ಅದು ಕಾಳಾಗೇ ಉಳಿದಿರಬೇಕು, ಯಾರದಾದರೂ ಬಾಯಿಗೆ ಸೇರಬೇಕು.

ಹೆಂಡತಿ ಒಂದೇ ಪ್ರಶ್ನೆಯಲ್ಲಿ ಅದನ್ನು ಒಡೆದಳು. “ಅಕ್ಷತೆಗೂ ಬಣ್ಣ ಹಾಕ್ತೀವಲ್ಲ ಅತ್ತೆ? ಮದುವೆ ಆದ್ಮೇಲೆ ಛತ್ರದೋರು ಗುಡಿಸಿ ಎಲ್ಲಿಗೆ ಹಾಕ್ತಾರೆ?”

ಅವ್ವನ ಹತ್ತಿರ ಉತ್ತರ ಇರಲಿಲ್ಲ. ನನ್ನ ಹತ್ತಿರವೂ ಇಲ್ಲ. ಎಲ್ಲ ಕೇಸಿಗೂ ಹೊಂದೋ ರೂಲ್ ಬರೆಯೋಕೆ ಹೋಗೋದು ನಮ್ಮ ವೃತ್ತಿಯ ಕಾಯಿಲೆ. ಅನ್ನದಂಥ ವಿಷಯದಲ್ಲಿ ಅದು ಕೆಲಸ ಮಾಡಲ್ಲ. ನನಗೆ ಅನ್ನಿಸೋದು ಇಷ್ಟು: ಅಕ್ಷತೆ ಹಾಕೋನು ಕೈಯಲ್ಲಿರೋದು ಅಕ್ಕಿ ಅಂತ ಗೊತ್ತಿದ್ದೇ ಹಾಕ್ತಾನೆ, ಬೆಲೆಯುಳ್ಳದ್ದು ಅಂತಲೇ ಅದರಿಂದ ಹರಸೋದು. ನೀಲಿ ಅಕ್ಕಿಯನ್ನು ಮೊದಲ ಸಲ ನೋಡೋ ಮಗುವಿಗೆ ಅದು ಅಕ್ಕಿ ಅನ್ನೋ ಸುಳಿವೇ ಇಲ್ಲ. ಅದು ಪ್ಲಾಸ್ಟಿಕ್ ಮಣಿಯೂ ಆಗಬಹುದಿತ್ತು. ಹಾಗಾಗಿ ಬಣ್ಣದ ವಿಷಯದಲ್ಲಿ ನನ್ನ ವೋಟು ಅವ್ವನಿಗೆ.

ಬೀಳಿಸೋ ವಿಷಯದಲ್ಲಿ ಮಾತ್ರ ಹೆಂಡತಿಗೆ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಪಿಯಾಜೆ, ತನ್ನ ಹತ್ತು ತಿಂಗಳ ಮಗ ಬ್ರೆಡ್ಡಿನ ಚೂರುಗಳನ್ನು ಕಿತ್ತು ಕಿತ್ತು ಬೀಳಿಸೋದನ್ನು ಪಕ್ಕದಲ್ಲಿ ಕೂತು ಬರೆದಿಟ್ಟಿದ್ದಾನೆ. ಅವನು ಅಲ್ಲಿ ಕಂಡದ್ದು ಪ್ರಯೋಗ: ಕೈ ಬಿಟ್ಟರೆ ಏನಾಗುತ್ತೆ, ಎಲ್ಲಿಗೆ ಹೋಗುತ್ತೆ. ಆ ವಯಸ್ಸಿಗೆ ಬ್ರೆಡ್ಡೂ ಒಂದೇ, ಬಾತುಕೋಳಿ ಬೊಂಬೆಯೂ ಒಂದೇ. ಬೆಲೆ ಅನ್ನೋದು ಇನ್ನೂ ಹುಟ್ಟದ ಕಡೆ ಅವಮರ್ಯಾದೆ ಹೇಗೆ ಹುಟ್ಟುತ್ತೆ? ಊಟದ ಕುರ್ಚಿಯಿಂದ ಗೆಣಸಿನ ಹೋಳು ಬೀಳಿಸೋ ಮಗುವಿಗೆ “ಅನ್ನ ದೇವರು, ಪಾಪ ಬರುತ್ತೆ” ಅಂತ ಹೆದರಿಸೋದು ನನಗಂತೂ ಕ್ರೌರ್ಯ. ಬಿದ್ದದ್ದನ್ನು ಅದರ ಕಣ್ಣೆದುರೇ ನಾವು ಎತ್ತಿದರೆ ಸಾಕು, ಅದು ನೋಡ್ತಾ ಇರುತ್ತೆ.

ಅಂದ ಹಾಗೆ, ನಮ್ಮ ಬಾಲ್ಯದಲ್ಲಿ ಯಾರೂ ಅಕ್ಕಿ ಕೊಟ್ಟು ಆಡಿಸಲಿಲ್ಲ ಯಾಕೆ ಗೊತ್ತಾ? ಶಿಸ್ತಿನಿಂದಲ್ಲ. ಮಣ್ಣು ಇತ್ತು. ಕರಟದಲ್ಲಿ ಮಣ್ಣಿನ ಮುದ್ದೆ, ಹುಣಸೆ ಎಲೆ ಸಾರು, ಮಧ್ಯಾಹ್ನ ಪೂರ್ತಿ ಅದೇ. ಬೆಂಗಳೂರಲ್ಲಿ ಅಕ್ಕಿ ಹತ್ತು ನಿಮಿಷಕ್ಕೆ ಮನೆ ಬಾಗಿಲಿಗೆ ಬರುತ್ತೆ. ಮಗುವನ್ನು ಧೈರ್ಯವಾಗಿ ಕೂರಿಸೋವಂಥ ಒಂದು ಕುಕ್ಕೆ ಮಣ್ಣು ಹುಡುಕಬೇಕು. ಅನ್ನಕ್ಕಿಂತ ಮಣ್ಣು ದುಬಾರಿಯಾದ ಊರಲ್ಲಿ ಮಗು ಅಕ್ಕಿಯಲ್ಲಿ ಆಡ್ತಾ ಇದೆ, ಅಷ್ಟೇ.

ಈಗ ನಮ್ಮನೆಯಲ್ಲಿ ನಡೀತಿರೋದು ಒಂಥರಾ ರಾಜಿ. ಅವ್ವ ಊರಿಂದ ಹಳೇ ಸೇರು, ಅಚ್ಚೇರು, ಪಾವು, ಚಟಾಕು ತಂದಳು. ಒಂದರೊಳಗೊಂದು ಕೂರುತ್ತವೆ, ಬಡಿದರೆ ಸದ್ದು ಬೇರೆ. ಅಂಗಡಿಯಲ್ಲಿ ‘ಸ್ಟ್ಯಾಕಿಂಗ್ ಕಪ್ಸ್’ ಅಂತ ಮಾರೋದು ಇದನ್ನೇ. ಬಣ್ಣವಿಲ್ಲದ ಅಕ್ಕಿಯನ್ನು ಮಗಳು ಪಾವಿನಿಂದ ಸೇರಿಗೆ ಸುರೀತಾಳೆ, ಹಳೇ ಸೀರೆ ಮೇಲೆ. ರಾತ್ರಿ ಅದನ್ನೇ ತೊಳೆದು ಕುಕ್ಕರಿಗೆ. ಕಾಳು ಸುರಿಯೋ ಆಟವನ್ನು ಮಾಂಟೆಸ್ಸರಿ ಶಾಲೆಗಳಲ್ಲಿ ಫೀಸು ಕಟ್ಟಿ ಆಡಿಸ್ತಾರೆ. ಸಂಜೆ ತಿಂಡಿಗೆ ತಟ್ಟೆಯಲ್ಲಿ ಒಂದು ಹಿಡಿ ಪುರಿ ಹರಡಿದರೆ ಹೆಬ್ಬೆರಳು ತೋರುಬೆರಳು ಸೇರಿಸಿ ಒಂದೊಂದೇ ಹೆಕ್ಕೋದರಲ್ಲಿ ಅರ್ಧ ಗಂಟೆ. ಆರು ತಿಂಗಳು ತುಂಬಿದಾಗಿಂದ ತಿಂದ ರಾಗಿ ಸರಿ ಇನ್ನೂ ಬಿಟ್ಟಿಲ್ಲ. ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ಬಟ್ಟೆಯಲ್ಲಿ ಸೋಸೋ ಪೂರ್ತಿ ಕೆಲಸ ಅವ್ವನದೇ. ಮದ್ದೂರು ಸ್ಟೇಷನ್ನಲ್ಲಿ ಕಟ್ಟಿಸಿಕೊಂಡು ಬರೋ ವಡೆ ಮಾತ್ರ ನನಗೆ. ಅವಳಿಗೆ ಸದ್ಯ ಅದರ ಕಾಗದ.

ಎಲ್ಲಕ್ಕಿಂತ ಒಳ್ಳೇ ಆಟ ಸಿಕ್ಕಿದ್ದು ಅವರೆಕಾಯಿ ಕಾಲದಲ್ಲಿ. ನೆನೆಸಿದ ಅವರೆಕಾಳನ್ನು ಹಿಸುಕಿದರೆ ಸಿಪ್ಪೆಯಿಂದ ಪಚಕ್ ಅಂತ ಬೇಳೆ ಹಾರುತ್ತೆ. ಅದನ್ನು ನೋಡಿ ನನ್ನ ಮಗಳು ನಕ್ಕಷ್ಟು ಯಾವ ಆಟಿಕೆಗೂ ನಕ್ಕಿಲ್ಲ. ಇಲ್ಲಿ ಆಟ ಯಾವುದು, ಅಡುಗೆ ಯಾವುದು ಅಂತ ಬೇರೆ ಮಾಡೋಕಾಗಲ್ಲ, ಹಾಗಾಗಿ ಜಗಳವೂ ಇಲ್ಲ. ಆದರೆ ಒಂದು ತೊಡಕಿದೆ. ಹಸಿ ಅವರೆಕಾಳು, ಕಡಲೆ, ಕಡ್ಲೇಬೀಜ ಇವೆಲ್ಲ ಆ ವಯಸ್ಸಿನ ಗಂಟಲಲ್ಲಿ ಸರಿಯಾಗಿ ಸಿಕ್ಕಿಕೊಳ್ಳೋ ಗಾತ್ರದವು, ಮೂಗಿಗೂ ತುರುಕಿಕೊಳ್ತವೆ. ಪಕ್ಕದಲ್ಲಿ ಒಬ್ಬರು ಕೂತೇ ಇರಬೇಕು, ಕಣ್ಣು ಮಗುವಿನ ಮೇಲಿರಬೇಕು, ಮೊಬೈಲ್ ಮೇಲಲ್ಲ. ಬಣ್ಣದ ಅಕ್ಕಿ ಡಬ್ಬಿ ಕೊಡೋದೇ ನಾವು ಪಕ್ಕದಲ್ಲಿ ಕೂರೋಕಾಗದ ಇಪ್ಪತ್ತು ನಿಮಿಷಕ್ಕೆ, ಬೆಳಗಿನ ಸ್ಟ್ಯಾಂಡ್‌ಅಪ್ ಕಾಲ್ ನಡೆಯೋ ಹೊತ್ತಿಗೆ. ಅವರೆಕಾಳು ಆ ಕೆಲಸಕ್ಕೆ ಬರಲ್ಲ. ಅವ್ವ ಇರೋದರಿಂದ ನಮ್ಮ ತತ್ವಗಳು ನಡೀತಿವೆ. ಅವ್ವ ಇಲ್ಲದ ಮನೆಯವರಿಗೆ ‘ಬಣ್ಣ ಹಾಕಬೇಡಿ’ ಅಂತ ಉಪದೇಶ ಮಾಡೋ ಹಕ್ಕು ನನಗಿದೆ ಅಂತ ಅನ್ನಿಸಲ್ಲ.

ಮುದ್ದೆ ವಿಷಯ ಇನ್ನೂ ಇತ್ಯರ್ಥವಾಗಿಲ್ಲ. ಊಟಕ್ಕೆ ಕೊಟ್ಟ ಮುದ್ದೆಯನ್ನು ಮಗಳು ತಿನ್ನೋ ಮೊದಲು ಚಪ್ಪಟೆ ಮಾಡಿ ಚಪಾತಿ ಅಂತಾಳೆ, ಉದ್ದ ಮಾಡಿ ಹಾವು ಅಂತಾಳೆ, ಆಮೇಲೆ ಅರ್ಧ ತಿಂದು ಅರ್ಧ ತಲೆಗೆ ಮೆತ್ತಿಕೊಳ್ತಾಳೆ. ತಿಂದ ಅರ್ಧದ ಲೆಕ್ಕದಲ್ಲಿ ಅದು ಊಟ ಅಂತ ಹೆಂಡತಿ, ಮೆತ್ತಿಕೊಂಡ ಅರ್ಧದ ಲೆಕ್ಕದಲ್ಲಿ ಆಟ ಅಂತ ಅವ್ವ. ಒಣಗಿದ ಮುದ್ದೆಯನ್ನು ಕೂದಲಿಂದ ಬಿಡಿಸೋ ಡ್ಯೂಟಿ ಮಾತ್ರ ನನ್ನದು.