ಒಲವು ಕಲಿಯುವ ವಿದ್ಯೆಯೆ?

ಕುದ್ರೋಳಿಯ ಗೋಕರ್ಣನಾಥ ಸನ್ನಿಧಿಯಲ್ಲಾಗಲಿ, ಮಂಗಳೂರಿನ ಬೇರಾವ ಮಂಟಪದಲ್ಲಾಗಲಿ, ವಧೂವರರ ಕೂಡಿದ ಕೈಗಳ ಮೇಲೆ ಧಾರೆಯ ನೀರು ಬೀಳುವುದಕ್ಕೆ ಎಷ್ಟು ಹೊತ್ತು ಬೇಕು? ಒಂದು ನಿಮಿಷ ಸಾಕು. ಅಷ್ಟರಲ್ಲಿ ಇಬ್ಬರು ಗಂಡಹೆಂಡಿರಾಗುತ್ತಾರೆ. ಒಲವು ಮಾತ್ರ ಅಷ್ಟು ಬೇಗ ಬರುವಂಥದಲ್ಲ. “ಒಟ್ಟಿಗೆ ಬಾಳಿದರೆ ತಾನಾಗಿ ಬರುತ್ತದೆ” ಎನ್ನುತ್ತಾರೆ ಹಿರಿಯರು. “ಮೊದಲೇ ಇಲ್ಲದ್ದು ಆಮೇಲೆ ಎಲ್ಲಿಂದ ಬಂದೀತು?” ಎನ್ನುತ್ತಾರೆ ಕಿರಿಯರು.

ವಿಚಾರಿಸಿ ನೋಡಿದರೆ ಇಬ್ಬರ ತಿಳಿವಳಿಕೆಯೂ ಒಂದೇ. ಒಲವೆಂಬುದು ಮಳೆಯಂತೆ ತಾನಾಗಿ ಸುರಿಯತಕ್ಕದ್ದು. ಮದುವೆಗೆ ಮುಂಚೆಯೋ ಅನಂತರವೋ ಎಂಬುದಷ್ಟೇ ಜಗಳ. ಅದು ವಿದ್ಯೆಯಂತೆ ಕಲಿತು ಪಡೆಯುವಂಥದೂ ಆಗಿರಬಹುದೆಂದು ಇಬ್ಬರಿಗೂ ತೋಚಿಲ್ಲ.

ನಮ್ಮ ಕರಾವಳಿಯ ಮುದ್ದಣನಿಗೆ ಅದು ತೋಚಿತ್ತು. ಕಾರ್ಕಳದ ಬಳಿಯ ನಂದಳಿಕೆಯಲ್ಲಿ 1870ರಲ್ಲಿ ಹುಟ್ಟಿ, ಉಡುಪಿಯಲ್ಲಿ ವ್ಯಾಯಾಮದ ಉಪಾಧ್ಯಾಯನಾಗಿದ್ದು, 1901ರಲ್ಲಿ ತೀರಿಕೊಂಡ ಈ ಲಕ್ಷ್ಮೀನಾರಣಪ್ಪನ ‘ಶ್ರೀರಾಮಾಶ್ವಮೇಧ’ವನ್ನು ನಾವು ಓದುವುದು ರಾಮನ ಕುದುರೆಗಿಂತಲೂ ಮುದ್ದಣ ಮನೋರಮೆಯರ ಸಲ್ಲಾಪಕ್ಕಾಗಿ. ಗಂಡ ಕಥೆ ಹೇಳತೊಡಗುತ್ತಾನೆ. ಸಂಸ್ಕೃತ ಹೆಚ್ಚಾಯಿತೆಂದು ಹೆಂಡತಿ ಆಕ್ಷೇಪಿಸುತ್ತಾಳೆ. ಆತ ತನ್ನ ಶೈಲಿಯನ್ನೇ ಬದಲಿಸುತ್ತಾನೆ. ಅವಳಿಗೆ ತಿಳಿಯದಿದ್ದರೆ ದೋಷ ಅವಳದಲ್ಲ, ತನ್ನ ಮಾತಿನದು ಎಂದು ಒಪ್ಪಿಕೊಳ್ಳುವ ಈ ಗಂಡ ಹೆಂಡತಿಯ ಮುಂದೆ ವಿದ್ಯಾರ್ಥಿಯಾಗಿದ್ದಾನೆ. ಅವರ ಸರಸದ ಗುಟ್ಟು ಇಲ್ಲಿದೆಯೆಂದು ನನಗೆ ತೋರುತ್ತದೆ.

ನಮ್ಮ ಮನೆಗಳಲ್ಲಿ ಈ ಕಲಿಕೆ ಹೇಗೆ ನಡೆದಿದೆ? ಗಂಡನ ಗಂಜಿಗೆ ಉಪ್ಪೆಷ್ಟು, ಯಾವ ಮಾತಿಗೆ ಅವನಿಗೆ ಸಿಟ್ಟು ಬರುತ್ತದೆ, ಎಲ್ಲವನ್ನೂ ಹೆಂಡತಿ ಬಲ್ಲಳು. ಅವಳಿಗೆ ಯಾವ ಪಲ್ಯ ಇಷ್ಟವೆಂದು ಆತನನ್ನು ಕೇಳಿ ನೋಡಿ. ನಲವತ್ತು ವರ್ಷದ ದಾಂಪತ್ಯದ ಬಳಿಕವೂ ಉತ್ತರ ಬಾರದು. “ಹೊಂದಿಕೊಂಡು ಹೋಗು” ಎಂಬ ಪಾಠ ಒಬ್ಬರಿಗೇ ಮೀಸಲಾದಾಗ ಅವರು ಕಲಿಯುವುದು ಒಲವನ್ನಲ್ಲ. ಹಲವು ವೇಳೆ ಭಯವನ್ನು. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಬಗೆಯ ಶಾಂತಿಯಾಗಿ ಕಾಣುತ್ತವೆ.

ಆದ್ದರಿಂದ ಎಷ್ಟು ವರ್ಷ ಜತೆಗಿದ್ದರೆಂಬುದು ಒಲವಿಗೆ ಸಾಕ್ಷಿಯಾಗದು. ತುಳುನಾಡಿನ ಅಳಿಯಸಂತಾನ ಪದ್ಧತಿಯನ್ನು ಇಲ್ಲಿ ನೆನೆಯಬಹುದು. ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು. ಆಸ್ತಿ ಹೆಣ್ಣಿನ ಸಂತತಿಯಲ್ಲಿ ಇಳಿದು ಬರುವುದು. ಹೊಂದಿಕೆಯಾಗದಿದ್ದರೆ ಆಕೆ ತವರಿಗೆ ಮರಳಬಹುದಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಬಳಿಕ ಈ ಪದ್ಧತಿ ಹಿಂದೆ ಸರಿಯಿತು. ಅದೇನೂ ಹೆಣ್ಣಿನ ಸ್ವರ್ಗವಾಗಿರಲಿಲ್ಲ. ಮನೆಯ ಯಜಮಾನಿಕೆ ಸಾಮಾನ್ಯವಾಗಿ ಸೋದರಮಾವನ ಕೈಯಲ್ಲಿತ್ತು. ಆದರೂ ಅದರಿಂದ ಒಂದು ಮಾತು ತಿಳಿಯುತ್ತದೆ: ಹೋಗಲು ದಾರಿಯಿದ್ದೂ ಉಳಿದವರ ಉಳಿವಿಗೆ ಬೆಲೆ ಹೆಚ್ಚು. ಬೇರೆ ದಿಕ್ಕಿಲ್ಲದೆ ಉಳಿದವಳ ಬಾಳನ್ನು ಆದರ್ಶ ದಾಂಪತ್ಯವೆಂದು ಹೊಗಳುವ ಮುನ್ನ ನಾವು ಸ್ವಲ್ಪ ತಡೆಯಬೇಕು.

ಹಾಗಾದರೆ ಒಲವನ್ನು ಕಲಿಯಬಹುದೆ? ಕಲಿಯಬಹುದೆಂದೇ ನನ್ನ ನಂಬಿಕೆ. ಆದರೆ ಇದು ಒಬ್ಬರು ಕಲಿತು ಇನ್ನೊಬ್ಬರು ತೇರ್ಗಡೆಯಾಗುವ ವಿದ್ಯೆಯಲ್ಲ. ವಯಸ್ಸು ಅರುವತ್ತಾಗಿದ್ದರೂ ತಡವೇನೂ ಆಗಿಲ್ಲ. ಇಂದು ರಾತ್ರಿ ಊಟಕ್ಕೆ ಕೂತಾಗ, ನಾಳೆ ಯಾವ ಪಲ್ಯ ಮಾಡೋಣವೆಂದು ಗಂಡನಾದವನು ಕೇಳಲಿ. ಉತ್ತರ ಬರುವವರೆಗೆ ಕಾಯಲಿ. ಅಷ್ಟು ವರ್ಷ ಯಾರೂ ಕೇಳದ ಪ್ರಶ್ನೆಗೆ ಉತ್ತರ ಹೇಳಲು ಆಕೆಗೂ ಕೊಂಚ ಹೊತ್ತು ಬೇಕಾದೀತು.